ಒಂದು ಮಧ್ಯಾಹ್ನದ ಮಟ್ಟಿಗೆ

ಮೇ ತಿಂಗಳಲ್ಲಿ ಇಂಗ್ಲೆಂಡಿನ ಬೇಲಿಗಳ ತುಂಬ ಬಿಳಿ ಹೂವು ಬಿಡುತ್ತದೆ. ಹಾಥಾರ್ನ್ ಎನ್ನುತ್ತಾರೆ. ದೂರದಿಂದ ನೋಡಿದರೆ ಮದುವೆ ಮನೆಯ ಅಲಂಕಾರ. ಹತ್ತಿರ ಹೋದರೆ ವಾಸನೆ ಸಿಹಿಯೂ ಹೌದು, ಬೇಲಿಯ ಹಿಂದೆ ಏನೋ ಸತ್ತು ಬಿದ್ದಿರುವ ಹಾಗೂ ಹೌದು. ಕಳೆದ ತಿಂಗಳು ಹಳೆಯ ಮನೆಯ ಮಾರಾಟದ ಕಾಗದಕ್ಕೆ ಸಹಿ ಹಾಕಲು ನಾನೊಬ್ಬಳೇ ಮಗಳಿರುವ ಬರ್ಚ್‌ವುಡ್‌ನಲ್ಲಿ ರೈಲು ಹತ್ತಿ, ಕೊವೆಂಟ್ರಿಯಲ್ಲಿ ಬಸ್ಸು ಹಿಡಿದು ನಮ್ಮ ಹಳೆಯ ಊರಿಗೆ ಹೋದೆ. “ಅಮ್ಮಾ, ದೆ ಕ್ಯಾನ್ ಈಮೇಲ್ ಇಟ್,” ಎಂದು ಮಗಳು ಎರಡು ಸಲ ಹೇಳಿದ್ದಳು. ನಾನು ಕೇಳಲಿಲ್ಲ. ಆಶ್ ಲೇನ್ ಬಂದಾಗ ಯಾಕೆಂದು ತಿಳಿಯದೆ ಗಂಟೆ ಒತ್ತಿದೆ. ಇಳಿಯಬೇಕಾದ ಸ್ಟಾಪು ಅದಲ್ಲ. ಬಾಗಿಲು ತೆರೆಯುತ್ತಿದ್ದಂತೆ ಆ ವಾಸನೆ ಮುಖಕ್ಕೆ ಬಡಿಯಿತು.

ಲೇನಿನ ತುದಿಯಲ್ಲಿ ಊರ ಕಾಮನ್ ಇದೆ, ನಮ್ಮ ಕಡೆ ಗೋಮಾಳ ಎನ್ನುತ್ತೇವಲ್ಲ, ಅದೇ. ಗೇಟಿದ್ದ ಜಾಗದಲ್ಲಿ ಐದು ಬಂಡೆಗಳು. ಒಳಗೆ ಹುಲ್ಲಿನ ಮಧ್ಯೆ ಕೆತ್ತಿದ ಒಂದು ಕಲ್ಲು. ಕಲ್ಲಿನ ಮೇಲಿನ ಮಾತುಗಳನ್ನು ಬರೆದವಳು ನಾನು. ಓದಲು ಹತ್ತಿರ ಹೋಗಲಿಲ್ಲ. ಬಾಯಿಪಾಠವಾಗಿದೆ. ಬಂಡೆಯೊಂದರ ಮೇಲೆ ಕೈಯೂರಿ ಮುಂದಿನ ಬಸ್ಸು ಬರುವವರೆಗೂ ನಿಂತಿದ್ದೆ, ಅಷ್ಟೆ.

ಆ ಕಲ್ಲು ನೆಟ್ಟ ವರ್ಷದ ಫೆಬ್ರವರಿಗೆ ನಮ್ಮ ಡಾಕ್ಟರು, ಎಂದರೆ ನನ್ನ ಯಜಮಾನರು, ತೀರಿಕೊಂಡು ಮೂರು ವರ್ಷವಾಗಿತ್ತು. ಅವರು ಆ ಊರಿನ ಜಿ.ಪಿ. ಆಗಿದ್ದವರು, ನಾನು ಅದೇ ಸರ್ಜರಿಯ (ಕ್ಲಿನಿಕ್ಕಿಗೆ ಇಲ್ಲಿ ಹಾಗೆನ್ನುತ್ತಾರೆ) ರಿಸೆಪ್ಷನ್ನಿನಲ್ಲಿ ಕೂತವಳು. ಊರಿನ ಪ್ರತಿಯೊಬ್ಬರ ಹುಟ್ಟಿದ ದಿನ, ಪೋಸ್ಟ್‌ಕೋಡು, ಮೂಲವ್ಯಾಧಿ ಎಲ್ಲ ನನಗೆ ಗೊತ್ತಿತ್ತು. ಹಾಗಾಗಿ ಟೌನ್ ಕೌನ್ಸಿಲಿನಲ್ಲಿ ಒಂದು ಸೀಟು ಖಾಲಿ ಬಿದ್ದು ಚುನಾವಣೆಗೆ ಯಾರೂ ನಿಲ್ಲದೆ ಹೋದಾಗ, ಚೇರ್ಮನ್ ಕೀತ್ ಮನೆಗೇ ಬಂದು, “ಸೂ, ನೀನೇ ಬಂದು ಕೂತ್ಕೋ ಮಿ ಡಕ್. ಟೀ ಬಿಸ್ಕತ್ತು ಕೊಡ್ತೀವಿ,” ಎಂದು ಕರೆದ. ಸುಮಿತ್ರಾ ಎಂಬ ಹೆಸರು ಅವರ ಬಾಯಲ್ಲಿ ಎಂದೋ ಸೂ ಆಗಿತ್ತು. ಆ ಭಾಗದಲ್ಲಿ ಎಲ್ಲರೂ ಎಲ್ಲರಿಗೂ ಪ್ರೀತಿಯಿಂದ ಡಕ್ ಎನ್ನುತ್ತಾರೆ. ಬಾತುಕೋಳಿ ಎಂದರೇನು, ಕರೆಯುವವರಿದ್ದರೆ ಸಾಕು ಎನ್ನುವ ಸ್ಥಿತಿಯಲ್ಲಿ ನಾನಿದ್ದೆ. ಟೌನ್ ಕೌನ್ಸಿಲ್ ಎಂದರೆ ದೊಡ್ಡದೇನಲ್ಲ. ಬೆಂಚು, ಸ್ಮಶಾನ, ಕ್ರಿಸ್‌ಮಸ್ ದೀಪ, ಆ ಗೋಮಾಳ, ಇಷ್ಟರ ಉಸ್ತುವಾರಿ.

ನಾನು ಹೋದ ಎರಡನೆಯ ಮೀಟಿಂಗಿಗೆ ಪಮೇಲಾ ಒಂದು ಪ್ರಸ್ತಾಪ ತಂದಳು. ರಿಟೈರ್ಡ್ ಜಿಯಾಗ್ರಫಿ ಟೀಚರ್, ಒಳ್ಳೆಯ ಹೆಂಗಸು.

“ಕೆನಡಾದಲ್ಲಿ ಮೊಮ್ಮಗಳ ಸ್ಕೂಲ್ ಕಾನ್ಸರ್ಟಿಗೆ ಹೋಗಿದ್ದೆ,” ಎಂದಳು. “ಹಾಡು ಶುರುವಾಗೋ ಮುಂಚೆ ಹೆಡ್‌ಮಿಸ್ಟ್ರೆಸ್ ಎದ್ದು ನಿಂತು, ಈ ನೆಲ ಮೊದಲು ಇಂಥ ಮೂಲನಿವಾಸಿಗಳದಿತ್ತು, ನಾವು ತಗೊಂಡಿದೀವಿ, ಅದನ್ನ ಒಪ್ಕೋತೀವಿ ಅಂತ ಒಂದು ಪೇಪರ್ ಓದಿದ್ರು. ಲ್ಯಾಂಡ್ ಅಕ್ನಾಲೆಡ್ಜ್‌ಮೆಂಟ್ ಅಂತಾರೆ. ಅಲ್ಲಿ ಪ್ರತಿ ಮೀಟಿಂಗಿನಲ್ಲೂ ಓದ್ತಾರೆ. ನನಗೆ ಕಣ್ಣಲ್ಲಿ ನೀರು ಬಂತು. ನಾವ್ಯಾಕೆ ಓದಬಾರದು?”

“ಯಾರ ಹೆಸರು ಓದೋದು, ಡಕ್?” ಎಂದ ಕೀತ್. ಅವನದು ಮೊಳೆ, ಬಣ್ಣ, ಬೀಗ ಮಾರುವ ಅಂಗಡಿ. “ರೋಮನ್ನರಿಗಿಂತ ಮುಂಚೆ ಇದ್ದವರದ್ದಾ? ಅವರ ಪೋಸ್ಟ್‌ಕೋಡ್ ನನ್ನ ಹತ್ರ ಇಲ್ಲ.”

ಎಲ್ಲರೂ ನಕ್ಕರು. ಮೂಲೆಯಲ್ಲಿ ಕೂತಿದ್ದ ಇನ್ನೊಬ್ಬ ಕೌನ್ಸಿಲರ್ ಡೆರಿಕ್ ಮಾತ್ರ ನಗಲಿಲ್ಲ. “ಮೂಲನಿವಾಸಿ ಅಂದ್ರೆ ನಾವೇ. ನಮ್ಮ ಮುತ್ತಾತನ ಅಪ್ಪ ಇದೇ ಚರ್ಚಿನ ಅಂಗಳದಲ್ಲಿ ಮಲಗಿದಾನೆ. ನಮಗೆ ಯಾರು ಪೇಪರ್ ಓದ್ತಾರೆ?” ಎಂದ. ಆಮೇಲೆ ಕಣ್ಣು ನನ್ನ ಮೇಲೆ ಬಿತ್ತು. “ನಿನಗೆ ಹೇಳಿದ್ದಲ್ಲ ಸೂ. ನೀನು ಪರವಾಗಿಲ್ಲ.”

ಪರವಾಗಿಲ್ಲ ಎನ್ನಿಸಿಕೊಳ್ಳುವುದನ್ನು ನಾನು ನಲವತ್ತು ವರ್ಷಗಳಿಂದ ಅಭ್ಯಾಸ ಮಾಡಿಕೊಂಡಿದ್ದೆ. ನಕ್ಕೆ.

ಪಮೇಲಾ ಬಿಡಲಿಲ್ಲ. ಇನ್ನೂರು ವರ್ಷದ ಹಿಂದೆ ಈ ಗೋಮಾಳ ಊರಿಗಿಂತ ದೊಡ್ಡದಿತ್ತು, ಜಮೀನ್ದಾರರು ಕಾನೂನು ಮಾಡಿಕೊಂಡು ಬೇಲಿ ಹಾಕಿದರು, ದನ ಮೇಯಿಸುವವರನ್ನೂ ಅಲ್ಲಿ ಬಂದು ಬೀಡು ಬಿಡುವವರನ್ನೂ ಓಡಿಸಿದರು ಎಂದು ಹಳೆಯ ನಕಾಶೆ ಬಿಚ್ಚಿ ತೋರಿಸಿದಳು. “ಈಗಲೂ ಆಶ್ ಲೇನಿನಲ್ಲಿ ಕ್ಯಾರವಾನ್ ಇಟ್ಕೊಂಡಿರೋ ಜಿಪ್ಸಿಗಳಿದಾರಲ್ಲ, ಅವರ ಮನೆತನದ ಹೆಸರು ಬೇಲಿಗಿಂತ ಮುಂಚಿನ ಚರ್ಚ್ ರಿಜಿಸ್ಟರಿನಲ್ಲಿದೆ. ಓದೋದಾದರೆ ಅವರದ್ದು ಓದೋಣ.”

“ಜಿಪ್ಸಿಗಳು ಇಂಡಿಯಾದಿಂದ ಬಂದವರಂತಲ್ಲ?” ಎಂದ ಕೀತ್. “ಟೀವೀಲಿ ನೋಡಿದೆ. ಹೌದಾ ಸೂ?”

ಟೇಬಲ್ಲಿನ ಸುತ್ತ ಇದ್ದ ತಲೆಗಳೆಲ್ಲ ನನ್ನ ಕಡೆ ತಿರುಗಿದವು.

“ಸಾವಿರ ವರ್ಷದ ಹಿಂದೆ,” ಎಂದೆ.

“ಹಾಗಾದ್ರೆ ಕಸಿನ್ಸ್! ನೀನೇ ಹೋಗಿ ಮಾತಾಡಿಸ್ಕೊಂಡು ಬಾ.”

ಮಾರನೆಯ ಬೆಳಿಗ್ಗೆ ಕೊವೆಂಟ್ರಿಯ ಶಕುಂತಲಾಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಧಾರವಾಡದವಳು, ಅವಳ ಯಜಮಾನರೂ ಡಾಕ್ಟರೇ. ಕೇಳಿ ಬಿದ್ದು ಬಿದ್ದು ನಕ್ಕಳು. “ಅಲ್ರೀ ಸುಮಿತ್ರಾಬಾಯಿ, ಮಂದೀ ಜಾಗಾ ಕಸಗೊಂಡು, ‘ಇದು ನಿಮ್ದಿತ್ರೀಪಾ’ ಅಂತ ಮೀಟಿಂಗ್‌ನ್ಯಾಗ ಓದೂದೇನ? ಅಷ್ಟ ಕಳಕಳಿ ಇದ್ರ ವಾಪಸ್ ಕೊಡ್ರಿ ಅನ್ರಿ!” ನನಗೆ ಕೊಂಚ ಸಿಟ್ಟೇ ಬಂತು. ಸ್ಟಾರ್ಟಿಂಗ್ ಪಾಯಿಂಟ್ ಅಂತ ಒಂದು ಬೇಡವೇ ಎಂದೆ.

ಮಾರ್ಚ್ ಮಧ್ಯದಲ್ಲಿ ಹೋದೆ. ಕೆಸರು, ಮೊಣಕಾಲಿಗೆ ಚುಚ್ಚುವ ಗಾಳಿ, ಮೂರು ಕ್ಯಾರವಾನು. ಮೊದಲನೆಯದರ ಬಾಗಿಲಲ್ಲಿ ನನ್ನಷ್ಟೇ ವಯಸ್ಸಿನ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಯೂನಿಸ್. ಸರ್ಜರಿಯಲ್ಲಿ ನೋಡಿದ ಮುಖ. ಎಂದೋ ಒಂದು ಚಳಿಗಾಲ ಅವಳು ಗಂಡನನ್ನು ಕರೆದುಕೊಂಡು ಬಂದಾಗ, ವಿಳಾಸ ಇಲ್ಲದವರನ್ನು ರಿಜಿಸ್ಟರ್ ಮಾಡಲು ಬರುವುದಿಲ್ಲ ಎಂದು ನಾನು ಕೌಂಟರಿನಿಂದ ಹೇಳಿದ್ದೆ. ಒಳಗಿಂದ ಎದ್ದು ಬಂದ ನಮ್ಮ ಡಾಕ್ಟರು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ವಿಳಾಸದ ಜಾಗದಲ್ಲಿ ಸರ್ಜರಿಯದೇ ವಿಳಾಸ ಬರೆದಿದ್ದರು.

“ಡಾಕ್ಟರ್ ಹೆಂಡ್ತಿ,” ಎಂದಳು ಯೂನಿಸ್. “ನೀನು ನನ್ನ ಕಸಿನ್ ಅಂತೆ? ಬರಿಗೈಲಿ ಬಂದಿದೀಯಲ್ಲ.” ಕೀತ್ ಆಡಿದ ಮಾತು ನನಗಿಂತ ಮುಂಚೆ ಲೇನು ಮುಟ್ಟಿತ್ತು.

ಇಂಗ್ಲಿಷಿನಲ್ಲಿ ಏಕವಚನ ಬಹುವಚನದ ತಕರಾರಿಲ್ಲ. ಆದರೂ ಯೂನಿಸ್ ಆಡಿದ್ದೆಲ್ಲ ನನ್ನ ಕಿವಿಗೆ ಏಕವಚನದಲ್ಲೇ ಕೇಳುತ್ತಿತ್ತು. ಎಷ್ಟು ವರ್ಷವಾಗಿತ್ತು ನನ್ನನ್ನು ಯಾರಾದರೂ ಹಾಗೆ ಮಾತನಾಡಿಸಿ.

ಒಳಗೆ ಕಾಲಿಟ್ಟವಳು ಬೆರಗಾದೆ. ಗಾಜು, ಹಿತ್ತಾಳೆ, ಲೇಸು ಎಲ್ಲ ಫಳಫಳ. ಬಾಗಿಲ ಹೊರಗೆ ಮೂರು ಬೋಗುಣಿ. ಪಾತ್ರೆ ತೊಳೆಯುವುದಕ್ಕೆ ಒಂದು, ಕೈ ತೊಳೆಯುವುದಕ್ಕೆ ಬೇರೆ, ಬಟ್ಟೆಗೆ ಮತ್ತೊಂದು. ಒಂದರ ನೀರು ಇನ್ನೊಂದಕ್ಕೆ ತಾಕಿದರೆ ಆ ಬೋಗುಣಿಯನ್ನೇ ಬಿಸಾಡುತ್ತಾಳಂತೆ. ನಾಯಿ ಮೆಟ್ಟಿಲು ದಾಟುವ ಹಾಗಿಲ್ಲ. ಮುಂದೆ ಬೇಸಿಗೆಯಲ್ಲಿ ನಾನು ಸ್ಟೀಲ್ ಡಬ್ಬಿಯಲ್ಲಿ ಉಪ್ಪಿಟ್ಟು ತೆಗೆದುಕೊಂಡು ಹೋದಾಗ, ಅದನ್ನು ತನ್ನ ಪಿಂಗಾಣಿ ತಟ್ಟೆಗೆ ಸುರಿದುಕೊಂಡು, ಡಬ್ಬಿಯನ್ನು ಬೆರಳ ತುದಿಯಲ್ಲಿ ಹಿಡಿದು ಹೊರಗಿಟ್ಟಳು. ಮೈಸೂರಿನಲ್ಲಿ ನಮ್ಮ ಅಜ್ಜಿ ಮಡಿಯುಟ್ಟಾಗ ಹೀಗೇ. ಐ ವಾಸ್ ಡಿಲೈಟೆಡ್. ಈ ದೇಶದಲ್ಲಿ ನನ್ನ ಎಂಜಲಿನ ಬಗ್ಗೆ ಅನುಮಾನಪಟ್ಟ ಮೊದಲನೆಯವಳು ಅವಳು.

ಗಂಡ ನೋವಾ ಕಿಟಕಿಯ ಪಕ್ಕ ಕಂಬಳಿ ಹೊದ್ದು ಕೂತಿದ್ದ. ಎಡಗೈಯಲ್ಲಿ ಡಯಾಲಿಸಿಸ್ಸಿನ ಉಬ್ಬು. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಏಳಕ್ಕೆ ಆಸ್ಪತ್ರೆಯ ಕಾರು ಈ ಗೋಮಾಳದ ಗೇಟಿಗೆ ಬರುತ್ತಿತ್ತು. ಸರ್ಜರಿಯ ಪೋಸ್ಟ್‌ಕೋಡು ಹಿಡಿದು ಬರುವ ಡ್ರೈವರಿಗೆ ಆಶ್ ಲೇನಿನ ದಾರಿ ಅಭ್ಯಾಸವಾಗಿತ್ತು.

“ಮುಂಚೆ ಹದಿನೈದು ದಿನಕ್ಕೆ ಒಂದು ಜಾಗ,” ಎಂದಳು ಯೂನಿಸ್. “ಪೊಲೀಸರು ಏಳಿ ಅಂದ್ರೆ ಏಳೋದು. ಆಗ ಕಾರು ಒಂದು ಕಡೆ, ನಾವು ಒಂದು ಕಡೆ. ಇವನ ಕಿಡ್ನಿ ಹೋದಮೇಲೆ ಇಲ್ಲಿಂದ ಅಲುಗಾಡಿಲ್ಲ. ಎರಡು ಚಳಿಗಾಲ ಆಯ್ತು. ಗಾಲಿಗೆ ಹುಲ್ಲು ಸುತ್ಕೊಂಡಿದೆ, ನೋಡು.”

“ಒಂದು ಸಲ ತಪ್ಪಿದ್ರೆ ಕಾಲು ಊದತ್ತೆ,” ಎಂದ ನೋವಾ, ನನಗೆ ಕಣ್ಣು ಮಿಟುಕಿಸಿ. “ಎರಡು ಸಲ ತಪ್ಪಿದ್ರೆ ಉಸಿರು ಕಟ್ಟತ್ತೆ. ಮೂರನೇ ಸಲ ತಪ್ಪಿದ್ರೆ ಇವಳು ಹೊಸ ಗಂಡನ್ನ ಹುಡುಕ್ತಾಳೆ.”

“ಹುಡುಕಿ ಇಟ್ಟಾಗಿದೆ,” ಎಂದಳು ಯೂನಿಸ್.

ನಾನು ಬಂದ ಕೆಲಸ ಹೇಳಿದೆ. ಅವಳು ಸುಮ್ಮನೆ ಕೇಳಿಸಿಕೊಂಡು, ಕಪ್ಪಿಗೆ ಇನ್ನಷ್ಟು ಟೀ ಬಗ್ಗಿಸಿ, ಒಂದೇ ಒಂದು ಪ್ರಶ್ನೆ ಕೇಳಿದಳು: “ಆ ಪೇಪರಲ್ಲಿ ನಾವು ಇಲ್ಲೇ ಇರಬಹುದು ಅಂತ ಬರೀತಾರಾ?”

“ಬರೆಸ್ತೀನಿ,” ಎಂದೆ. “ಬರೀದೆ ಹೋದರೂ, ಅಂಥ ಪೇಪರ್ ಓದಿದ ಮೇಲೆ ನಿಮ್ಮನ್ನ ಎಬ್ಬಿಸೋಕೆ ಯಾರಿಗೆ ಮನಸ್ಸು ಬರತ್ತೆ?”

ಯೂನಿಸ್ ಗಂಡನ ಕಡೆ ನೋಡಿದಳು. ನೋವಾ ಕಿಟಕಿಯ ಕಡೆ ನೋಡಿದ.

ಏಪ್ರಿಲ್‌ನಿಂದ ಜುಲೈವರೆಗೆ ಬರೆದೆ. ಟೈಪ್ ಮಾಡಿದ್ದೆ, ಹರಿದೆ, ಮತ್ತೆ ಬರೆದೆ. ಸಿಸ್ಟರ್‌ಗಳು ಕಾನ್ವೆಂಟಿನಲ್ಲಿ ಕಲಿಸಿದ ಇಂಗ್ಲಿಷನ್ನು ಇಷ್ಟು ಗಂಭೀರವಾದ ಕೆಲಸಕ್ಕೆ ಯಾರೂ ಬಳಸಿಕೊಂಡಿರಲಿಲ್ಲ. ಅಪಾಯಿಂಟ್‌ಮೆಂಟ್ ಕಾರ್ಡು ಬರೆದೇ ಆಯುಷ್ಯ ಕಳೆದಿತ್ತು. ನನ್ನ ಕರಡಿನಲ್ಲಿ ಒಂದು ಸಾಲಿತ್ತು, ಈಗ ಇಲ್ಲಿರುವ ಕುಟುಂಬಗಳು ಇಲ್ಲೇ ಉಳಿಯುವ ಹಕ್ಕನ್ನು ಕೌನ್ಸಿಲ್ ಗೌರವಿಸುತ್ತದೆ ಎಂದು. ಕೌನ್ಸಿಲಿನ ಕ್ಲರ್ಕ್ ಬಹಳ ಮರ್ಯಾದೆಯಿಂದ, ಹಕ್ಕು ಎಂದರೆ ವಕೀಲರನ್ನು ಕೇಳಬೇಕಾಗುತ್ತದೆ, ವರ್ಷಗಟ್ಟಲೆ ಹಿಡಿಯುತ್ತದೆ, ಅದನ್ನು ‘ಮುಂದಿನ ಕ್ರಮಗಳು’ ಎಂಬ ಬೇರೆ ಪೇಪರಿಗೆ ಹಾಕಿ ಹೊಸ ವರ್ಷದಲ್ಲಿ ತೆಗೆದುಕೊಳ್ಳೋಣ ಎಂದ. ರೀಸನಬಲ್ ಆಗಿ ಕೇಳಿಸಿತು. ನನ್ನ ಕೈಯಾರೆ ಆ ಸಾಲಿನ ಮೇಲೆ ಗೀಟು ಎಳೆದೆ.

ಕೊನೆಗೆ ಉಳಿದದ್ದು ಒಂದು ಪುಟ. ಮೀಟಿಂಗಿನಲ್ಲಿ ಓದಲು ಒಂದು ನಿಮಿಷ ಬೇಕು. ಕಡೆಯ ಸಾಲುಗಳನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: “ಬೇಲಿಗಳು ಬರುವ ಮೊದಲು ಇಲ್ಲಿ ಕುದುರೆ ಮೇಯಿಸಿದ, ಒಲೆ ಹೂಡಿದ, ಮಕ್ಕಳನ್ನು ಹೆತ್ತ, ಸತ್ತವರಿಗಾಗಿ ಅತ್ತ ಕುಟುಂಬಗಳನ್ನು ಈ ಕೌನ್ಸಿಲ್ ನೆನೆಯುತ್ತದೆ. ಅವರಿಗಾದ ಅನ್ಯಾಯವನ್ನು ಒಪ್ಪಿಕೊಳ್ಳುತ್ತದೆ. ಈ ನೆಲದಲ್ಲಿ ಅವರಿಗೆ ಎಂದೆಂದಿಗೂ ಸ್ವಾಗತವಿದೆ.” ಜುಲೈನಲ್ಲಿ ಮತಕ್ಕೆ ಹಾಕಿದಾಗ ಡೆರಿಕ್ ಕೂಡ ಕೈ ಎತ್ತಿದ. ಅವನ ಮನಸ್ಸನ್ನು ನನ್ನ ಮಾತುಗಳು ತಿರುಗಿಸಿದವು ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಹಿಗ್ಗಿದೆ.

ಆ ಬೇಸಿಗೆ ಮಳೆಯೇ ಇಲ್ಲ. ಗೋಮಾಳ ಚಿತ್ರಾನ್ನದ ಬಣ್ಣಕ್ಕೆ ತಿರುಗಿತ್ತು. ನಾನು ವಾರಕ್ಕೆರಡು ಸಲ ನಮ್ಮ ಮನೆಯ ನಲ್ಲಿಯಿಂದ ಕ್ಯಾನುಗಳಲ್ಲಿ ನೀರು ತುಂಬಿ ಕಾರಿನಲ್ಲಿ ಒಯ್ಯುತ್ತಿದ್ದೆ. ನೀರಿಗೆ ಅವರೂ ಪಾನಿ ಎನ್ನುತ್ತಾರೆ. ಕನ್ನಡದ ಮಾತಲ್ಲ, ಆದರೂ ಹುಲ್ಲಿನ ಮೇಲೆ ಆ ಸದ್ದು ಕೇಳಿದಾಗ ಎದೆಯಲ್ಲಿ ಏನೋ ಆಗುತ್ತಿತ್ತು. ಒಂದು ದಿನ ನೋವಾನಿಗೆ ನಿಂಬೆಕಾಯಿ ಉಪ್ಪಿನಕಾಯಿ ರುಚಿ ತೋರಿಸಿದೆ. ಯೂನಿಸ್ ಅವನ ಕೈಯಿಂದ ಚಮಚ ಕಿತ್ತುಕೊಂಡಳು. “ಅವನಿಗೆ ಉಪ್ಪು ಆಗಲ್ಲ! ಕೊಲ್ಲೋಕೆ ಬಂದಿದೀಯಾ ಕಸಿನ್?” ಎಲ್ಲರೂ ನಕ್ಕೆವು. ಡಾಕ್ಟರು ಹೋದ ಮೇಲೆ ನಾನು ಸುಖವಾಗಿದ್ದ ಕಾಲ ಎಂದರೆ ಅದೊಂದೇ. ಈಗ ಹಾಗೆ ಹೇಳಿಕೊಳ್ಳಲು ಬಾಯಿ ಬರುವುದಿಲ್ಲ.

ಆಗಸ್ಟ್ ಕೊನೆಗೆ ಕಲ್ಲು ಸಿದ್ಧವಾಯಿತು. ಸೆಪ್ಟೆಂಬರಿನ ಒಂದು ಶನಿವಾರ ಅನಾವರಣ. ಮೇಯರ್ ಬರುತ್ತಾರೆ, ಸ್ಕೂಲ್ ಮಕ್ಕಳು ಹಾಡುತ್ತಾರೆ, ಪೇಪರಿನವರು ಬರುತ್ತಾರೆ. ನಾನು ಗೋಮಾಳದ ನಡುವೆ ನಿಂತು ಸುತ್ತ ನೋಡಿದೆ. ಕ್ಯಾರವಾನುಗಳ ಹಿಂದೆ ಗ್ಯಾಸ್ ಸಿಲಿಂಡರು, ಒಣಗಲು ಹಾಕಿದ ಲಂಗ, ನೀಲಿ ಟಾರ್ಪಾಲು, ಬೂದಿಯ ಗುಡ್ಡೆ, ಯೂನಿಸ್‌ಳ ಮಗನ ಹಳೆಯ ಕಬ್ಬಿಣ.

ಇಲ್ಲಿ ನಾನು ನಿಜ ಹೇಳಬೇಕು. ಯಾರೂ ನನಗೆ ಹೇಳಿಕೊಡಲಿಲ್ಲ. ಯೋಚನೆ ನನ್ನದೇ. ಕಾನ್ವೆಂಟಿನಲ್ಲಿ ಇನ್‌ಸ್ಪೆಕ್ಟರ್ ಬರುವ ದಿನ ನೆಲಕ್ಕೆ ಪಾಲಿಶ್, ಗುಲಾಬಿ ಗಿಡಕ್ಕೆ ನೀರು. ಅನಾಥಾಲಯದ ಹುಡುಗಿಯರನ್ನು, ಅವರ ಯೂನಿಫಾರ್ಮ್ ಮಾಸಿರುತ್ತಿತ್ತೆಂದು, ಚಾಪೆಲ್ಲಿನ ಹಿಂದಿನ ಹಿತ್ತಲಿಗೆ ಕಳಿಸುತ್ತಿದ್ದರು. ಸಂಜೆ ವಾಪಸ್ ಬರುತ್ತಿದ್ದರು. ಅವರಿಗೂ ಲಾಡು ಸಿಗುತ್ತಿತ್ತು. ಅದರಲ್ಲಿ ತಪ್ಪೇನಾದರೂ ಇದೆ ಎಂದು ನನಗೆ ಎಂದೂ ಅನ್ನಿಸಿರಲಿಲ್ಲ. ನಮ್ಮ ಮನೆಗಳಲ್ಲೂ ಅಷ್ಟೇ ಅಲ್ಲವೇ? ಬೀಗರು ಬರುತ್ತಾರೆಂದರೆ ಹರಿದ ಹಾಸಿಗೆಯನ್ನು ಅಟ್ಟಕ್ಕೆ ಹಾಕುತ್ತೇವೆ. ನನ್ನವರು ಚೆನ್ನಾಗಿ ಕಾಣಿಸಲಿ ಎಂಬ ಆಸೆ. ಯೂನಿಸ್ ಅಷ್ಟು ಹೊತ್ತಿಗೆ ನನ್ನವಳಾಗಿದ್ದಳು.

“ಒಂದು ಮಧ್ಯಾಹ್ನದ ಮಟ್ಟಿಗೆ,” ಎಂದೆ ಅವಳಿಗೆ. “ಶುಕ್ರವಾರ ನೋವಾ ಆಸ್ಪತ್ರೆಯಿಂದ ಬಂದ ಮೇಲೆ ಕ್ಯಾರವಾನುಗಳನ್ನ ಬೇರೆ ಕಡೆ ನಿಲ್ಸಿ. ಶನಿವಾರ ಸಂಜೆ ಐದಕ್ಕೆ ವಾಪಸ್ ಬನ್ನಿ. ಸೋಮವಾರದ ಕಾರಿಗೆ ಇಲ್ಲೇ ಇರ್ತೀರಿ. ಜಾಗ ಚೊಕ್ಕಟವಾಗಿ ಕಂಡರೆ, ನಿಮ್ಮನ್ನ ಆಡ್ಕೊಳ್ಳೋರ ಬಾಯಿ ಮುಚ್ಚತ್ತೆ.”

“ನಾನು ಚೊಕ್ಕಟ ಇಲ್ವಾ?” ಎಂದಳು ಯೂನಿಸ್.

“ನೀನಲ್ಲ ಯೂನಿಸ್. ನೋಡೋದಕ್ಕೆ...”

“ಗಾಲಿ ಕಿತ್ತ ಜಾಗ ಮತ್ತೆ ಸಿಗಲ್ಲ, ಡಾಕ್ಟರ್ ಹೆಂಡ್ತಿ. ನಮ್ಮಮ್ಮ ನನಗೆ ಕಲಿಸಿದ್ದು ಎರಡೇ. ಬೋಗುಣಿ ಬೇರೆ ಇಡು. ಸಿಕ್ಕ ಜಾಗ ಬಿಟ್ಟು ಏಳಬೇಡ.”

“ನಾನು ಕೌನ್ಸಿಲರ್. ನಾನು ಮಾತು ಕೊಡ್ತಿದೀನಿ.”

ಒಪ್ಪಿದ್ದು ನೋವಾ. “ಒಂದು ಮಧ್ಯಾಹ್ನ ತಾನೆ, ಯೂನಿ. ಬೇಸಿಗೆಯೆಲ್ಲ ನಮಗೆ ನೀರು ಹೊತ್ತಿದಾಳೆ.”

ಶುಕ್ರವಾರ ಮಧ್ಯಾಹ್ನ ಅವರು ಹೊರಟಾಗ ನಾನು ಗೇಟಿನಲ್ಲಿದ್ದೆ. ಎರಡು ವರ್ಷ ಒಂದೇ ಕಡೆ ನಿಂತ ಗಾಲಿಗಳನ್ನು ಹುಲ್ಲಿನಿಂದ ಬಿಡಿಸಲು ಮಗ ಸಲಿಕೆ ತರಬೇಕಾಯಿತು. ಯೂನಿಸ್ ಬೂದಿಯನ್ನೂ ಗುಡಿಸಿ ಚೀಲಕ್ಕೆ ತುಂಬಿಕೊಂಡಳು. ಹುಲ್ಲು ಹಳದಿಯಾಗಿದ್ದ ಮೂರು ಚೌಕಗಳ ಹೊರತು ಅಲ್ಲಿ ಯಾರೂ ಇದ್ದ ಗುರುತೇ ಇರಲಿಲ್ಲ. ಲಫ್‌ಬರೋ ಕಡೆ ನೆಂಟರ ಅಂಗಳವಿದೆ, ಒಂದು ರಾತ್ರಿಗೆ ಬಿಡುತ್ತಾರೆ ಎಂದು ಹೋದರು.

ಸಮಾರಂಭ ಚೆನ್ನಾಗಾಯಿತು. ಎಷ್ಟು ಚೆನ್ನಾಗಿ ಎಂದರೆ, ತಿಂಗಳುಗಟ್ಟಲೆ ಬಾರದ ಮಳೆ ಕೂಡ ಮಕ್ಕಳ ಹಾಡು ಮುಗಿಯುವವರೆಗೆ ಕಾದು ಆಮೇಲೆ ಹನಿಯಿತು. ನಾನು ಮೈಸೂರು ಸಿಲ್ಕ್ ಉಟ್ಟು ಓದಿದೆ. ಯೂನಿಸ್ ಕಪ್ಪು ಕೋಟು ಹಾಕಿ, ನೋವಾನನ್ನು ಮಗನ ವ್ಯಾನಿನಲ್ಲಿ ಕೂರಿಸಿ, ಮುಂದಿನ ಸಾಲಿನಲ್ಲಿ ನಿಂತಿದ್ದಳು. ಮೇಯರ್ ಅವಳ ಕೈ ಕುಲುಕಿದರು. ಆಮೇಲೆ ಎಲ್ಲರೂ ಟೀಗೆ ಮೆಥಡಿಸ್ಟ್ ಹಾಲಿಗೆ ನಡೆದೆವು. ಯೂನಿಸ್ ಬರಲಿಲ್ಲ, ನೆಂಟರ ಅಂಗಳಕ್ಕೆ ಹೋಗಿ ಕ್ಯಾರವಾನು ಕಟ್ಟಿಕೊಂಡು ಐದರೊಳಗೆ ಬರುತ್ತೇವೆ ಎಂದಳು.

ಐದೂಕಾಲಿಗೆ ನನ್ನ ಫೋನು ಹೊಡೆದುಕೊಂಡಿತು. ನನ್ನ ಕೈಯಲ್ಲಿ ಕೇಕಿನ ತಟ್ಟೆಯಿತ್ತು.

“ಗೇಟಿಗೆ ಬಂಡೆ ಹಾಕಿದಾರೆ,” ಎಂದಳು ಯೂನಿಸ್. ಅಷ್ಟೇ. ಹಿನ್ನೆಲೆಯಲ್ಲಿ ವ್ಯಾನುಗಳ ಎಂಜಿನ್ ಸದ್ದು.

ಕೀತ್ ನನ್ನ ಪಕ್ಕದಲ್ಲೇ ಸ್ಕೋನಿಗೆ ಜಾಮ್ ಹಚ್ಚಿಕೊಳ್ಳುತ್ತಿದ್ದ. ಕೇಳಿದೆ.

“ಕಲ್ಲಿನ ರಕ್ಷಣೆಗೆ, ಡಕ್. ಯಾರಾದ್ರೂ ಗಾಡಿ ಹತ್ತಿಸಿ ಮುರಿದ್ರೆ? ಆಗಸ್ಟ್ ಮೀಟಿಂಗ್, ಹನ್ನೊಂದನೇ ಐಟಂ. ಕಲ್ಲಿಗೂ ಆವರಣಕ್ಕೂ ತಕ್ಕ ರಕ್ಷಣೆ ಮಾಡೋದು ಅಂತ. ಡೆರಿಕ್ ಪ್ರಪೋಸ್ ಮಾಡ್ದ. ಸೆಕೆಂಡ್ ಮಾಡಿದ್ದು ನೀನೇ ಸೂ.”

ಮಾಡಿದ್ದೆ. ನನ್ನ ಕಲ್ಲಿನ ಮೇಲೆ ಡೆರಿಕ್‌ಗೂ ಎಷ್ಟು ಅಕ್ಕರೆ ಎಂದುಕೊಂಡು ಕೈ ಎತ್ತಿದ್ದೆ.

“ಅವರು ಎಲ್ಲಿಗೆ ಹೋಗಬೇಕು ಕೀತ್? ಸೋಮವಾರ ಬೆಳಿಗ್ಗೆ ಏಳಕ್ಕೆ ಕಾರು ಬರತ್ತೆ!”

“ಅವರು ಹೋಗೇಬಿಟ್ರಲ್ಲ,” ಎಂದ ಕೀತ್. ಅವನು ಕೆಟ್ಟವನಲ್ಲ. ನಿಜವಾಗಿ ಗೊಂದಲಗೊಂಡವನ ಹಾಗೆ ಕಾಣಿಸಿದ. “ಜಾಗ ಖಾಲಿ ಇತ್ತು. ನಾವು ಯಾರನ್ನೂ ಎಬ್ಬಿಸಿಲ್ಲ.”

ಮುಂದಿನ ವಾರ ಕೊವೆಂಟ್ರಿಯ ಸಾಲಿಸಿಟರ್ ಒಬ್ಬರು ನನಗೆ ಅದನ್ನೇ ಇನ್ನೂ ಬಿಡಿಸಿ ಹೇಳಿದರು. ಅಲ್ಲಿ ವಾಸವಿದ್ದವರನ್ನು ಹೊರಗೆ ಹಾಕಬೇಕಾದರೆ ಕೋರ್ಟಿಗೆ ಹೋಗಬೇಕು. ನ್ಯಾಯಾಧೀಶರು ನೋವಾನ ಆಸ್ಪತ್ರೆಯ ಕಾಗದ ಓದುತ್ತಿದ್ದರು. ವರ್ಷಗಳೇ ಹಿಡಿಯುತ್ತಿದ್ದವು, ಬಹುಶಃ ಆಗುತ್ತಲೇ ಇರಲಿಲ್ಲ. ಖಾಲಿ ಜಾಗಕ್ಕೆ ಒಂದು ಲಾರಿ, ಐದು ಬಂಡೆ ಸಾಕು. “ಹೂ ಆಸ್ಕ್‌ಡ್ ದೆಮ್ ಟು ಲೀವ್?” ಎಂದು ಪೆನ್ನು ಹಿಡಿದು ಕೇಳಿದರು. ನಾನು ನನ್ನ ಹೆಸರು ಹೇಳಿದೆ. ಸ್ಪೆಲ್ಲಿಂಗ್ ಕೇಳಿದರು. ಅದನ್ನೂ ಹೇಳಿದೆ.

ಸೋಮವಾರದ ಕಾರು ಬಂಡೆಗಳ ಮುಂದೆ ಹತ್ತು ನಿಮಿಷ ನಿಂತು ವಾಪಸ್ ಹೋಯಿತು. ನೆಂಟರ ಅಂಗಳದಲ್ಲಿ ಮೂರನೆಯ ದಿನಕ್ಕೆ ಜಾಗದ ಒಡೆಯ ತಕರಾರು ತೆಗೆದ. ಅಲ್ಲಿಂದ ರಸ್ತೆಬದಿ, ಅಲ್ಲಿಂದ ಇನ್ನೊಂದು ರಸ್ತೆಬದಿ. ಇದು ನಮ್ಮ ಏರಿಯಾ ಅಲ್ಲ ಎಂದು ಒಂದು ಕಡೆಯ ಕಾರಿನವರು ಇನ್ನೊಂದು ಕಡೆಗೆ ಫೋನ್ ಮಾಡಲು ಹೇಳುತ್ತಿದ್ದರು. ನಾನೇ ನನ್ನ ಸಣ್ಣ ಕಾರಿನಲ್ಲಿ ನಾಲ್ಕು ಸಲ ಕರೆದುಕೊಂಡು ಹೋದೆ. ಐದನೆಯ ಸಲ ಹೇಳಿದ ಜಾಗಕ್ಕೆ ಹೋದರೆ ಅವರಿರಲಿಲ್ಲ. ಪೊಲೀಸರು ಬೆಳಿಗ್ಗೆಯೇ ಎಬ್ಬಿಸಿದ್ದರಂತೆ. ಅಕ್ಟೋಬರಿನಲ್ಲಿ ನೋವಾನನ್ನು ಉಸಿರು ಕಟ್ಟಿ ಎಮರ್ಜೆನ್ಸಿಗೆ ಸೇರಿಸಿದರು. ಆಸ್ಪತ್ರೆಯವರು ಕನಿಕರಪಟ್ಟು ಮೂರನೆಯ ಮಹಡಿಯಲ್ಲೊಂದು ಫ್ಲ್ಯಾಟು ಕೊಡಿಸಿದರು. ಹುಟ್ಟಿದಾಗಿನಿಂದ ಗಾಲಿಯ ಮೇಲಿದ್ದ ಮನುಷ್ಯ. ತಲೆಯ ಮೇಲೆ ಯಾರೋ ನಡೆದಾಡುವ ಸದ್ದಿಗೆ ಅವನಿಗೆ ನಿದ್ದೆ ಬರುತ್ತಿರಲಿಲ್ಲವಂತೆ. ಇದನ್ನು ನನಗೆ ಹೇಳಿದ್ದು ಯೂನಿಸ್ ಅಲ್ಲ, ಅವಳ ಮಗ. ಯೂನಿಸ್ ನನ್ನ ಫೋನು ತೆಗೆಯುವುದನ್ನು ಬಿಟ್ಟಿದ್ದಳು.

ನಾನು ಕೈಕಟ್ಟಿ ಕೂತಿರಲಿಲ್ಲ ಎಂದು ಹೇಳಿಕೊಳ್ಳಬಹುದು. ಪತ್ರ ಬರೆದೆ, ಎಂಪಿಯನ್ನು ಕಂಡೆ, ಬಂಡೆ ತೆಗೆಸಬೇಕೆಂದು ನವೆಂಬರಿನಲ್ಲಿ ಪ್ರಸ್ತಾಪ ಮಂಡಿಸಿದೆ. ಪಮೇಲಾ ಅತ್ತಳು, ತನಗೆ ಗೊತ್ತಿರಲಿಲ್ಲ ಎಂದಳು, ನನ್ನ ಪರವಾಗಿ ಕೈ ಎತ್ತಿದಳು, ಕ್ರಿಸ್‌ಮಸ್ಸಿಗೆ ಕೆನಡಾಕ್ಕೆ ಹೋದಳು. ನಮ್ಮಿಬ್ಬರದು ಬಿಟ್ಟರೆ ಬೇರೆ ಕೈ ಏಳಲಿಲ್ಲ. ‘ಮುಂದಿನ ಕ್ರಮಗಳು’ ಪೇಪರನ್ನು ಇನ್ನೊಂದು ವರ್ಷ ಮುಂದಕ್ಕೆ ಹಾಕಿದರು. ಶಕುಂತಲಾ ಈ ಸಲ ನಗಲಿಲ್ಲ. “ಬ್ಯಾರೆಯವ್ರು ಮಾಡಿದ್ರ ಬೈದು ಹಗುರ ಆಗ್ಬಹುದಿತ್ರೀ,” ಎಂದಳು.

ಡಿಸೆಂಬರಿನ ಎರಡನೆಯ ವಾರ ನೋವಾ ತೀರಿಕೊಂಡ. ಮಣ್ಣಿಗೆ ಹೋಗುವ ಧೈರ್ಯ ನನಗೆ ಬರಲಿಲ್ಲ.

ಜನವರಿಯ ಮೀಟಿಂಗ್. ಹೊಸ ವರ್ಷದಿಂದ ಪ್ರತಿ ಸಭೆಯ ಮೊದಲು ಅಕ್ನಾಲೆಡ್ಜ್‌ಮೆಂಟ್ ಓದಬೇಕೆಂಬ ನಿರ್ಣಯ ಆಗಲೇ ಇತ್ತು. ಓದುವವಳು ನಾನು, ನನ್ನ ದನಿ ಚೆನ್ನಾಗಿದೆಯಂತೆ. ಇವತ್ತು ಬೇರೆ ಯಾರಾದರೂ ಓದಲಿ ಎಂದು ಹೇಳಬೇಕೆಂದೇ ಹೊರಟಿದ್ದೆ. ಕೋಟು ಬಿಚ್ಚಿ ತಿರುಗಿದರೆ, ಸಾರ್ವಜನಿಕರಿಗೆಂದು ಹಾಕಿದ ಆರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಒಂದರಲ್ಲಿ ಯೂನಿಸ್ ಕೂತಿದ್ದಳು. ಅದೇ ಕಪ್ಪು ಕೋಟು. ಎರಡು ಬಸ್ಸು ಹಿಡಿದು ಬಂದಿರಬೇಕು. ಸೊರಗಿ ಹೋಗಿದ್ದಳು.

ಅವಳ ಎದುರಿಗೆ ನಾನು ಓದುವುದಿಲ್ಲ ಎಂದರೆ ಅದೂ ಇನ್ನೊಂದು ನಾಟಕವಾಗುತ್ತದೆ ಎನ್ನಿಸಿತು. ಎದ್ದು ಓದಿದೆ. ಎಂದೆಂದಿಗೂ ಸ್ವಾಗತವಿದೆ.

“ಸಾರ್ವಜನಿಕರಿಂದ ಪ್ರಶ್ನೆಗಳಿದ್ದರೆ,” ಎಂದ ಕೀತ್ ಕಾಗದದಿಂದ ತಲೆ ಎತ್ತದೆ. “ಒಬ್ಬರಿಗೆ ಮೂರು ನಿಮಿಷ.” ಕ್ಲರ್ಕ್ ಅಡುಗೆಮನೆಯ ಟೈಮರಿನಂಥದ್ದನ್ನು ತಿರುವಿ ಮೇಜಿನ ಮೇಲಿಟ್ಟ.

ಯೂನಿಸ್ ಎದ್ದಳು. “ಚೆನ್ನಾಗಿ ಓದ್ತೀಯ, ಡಾಕ್ಟರ್ ಹೆಂಡ್ತಿ,” ಎಂದಳು. “ನನಗೆ ಹೇಳೋದು ಏನೂ ಇಲ್ಲ. ಅದನ್ನ ಇನ್ನೊಂದ್ಸಲ ಓದು.”

“ಮೇಡಂ, ಅದು ಪ್ರಶ್ನೆ ಅಲ್ಲ,” ಎಂದ ಕೀತ್.

“ಮೂರು ನಿಮಿಷ ನನ್ನದು ಅಂದ್ರಲ್ಲ. ಅದಾದ್ರೂ ನಂದು ತಾನೆ?”

ಕೀತ್ ಕ್ಲರ್ಕಿನ ಮುಖ ನೋಡಿದ. ಕ್ಲರ್ಕ್ ನಿಯಮದ ಪುಸ್ತಕ ನೋಡಿದ. ನಾನು ಎದ್ದು ಓದಿದೆ. ಮೊದಲಿಂದ ಕೊನೆಯವರೆಗೆ. ಯೂನಿಸ್ ಕುಳಿತುಕೊಳ್ಳಲಿಲ್ಲ. ತಲೆ ಒಂದಿಷ್ಟು ವಾಲಿಸಿ, ದೂರದ ರೇಡಿಯೋ ಕೇಳುವವಳ ಹಾಗೆ ಕೇಳಿದಳು.

“ಇನ್ನೊಂದ್ಸಲ,” ಎಂದಳು.

ಡೆರಿಕ್ ಗಂಟಲು ಸರಿಮಾಡಿಕೊಂಡ. ಯಾರೋ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿದ್ದರು. ಮತ್ತೆ ಓದಿದೆ. ಕುದುರೆ ಮೇಯಿಸಿದ, ಒಲೆ ಹೂಡಿದ, ಮಕ್ಕಳನ್ನು ಹೆತ್ತ. ಕಣ್ಣು ಕಾಗದದ ಮೇಲಿತ್ತು, ಆದರೂ ಅವಳು ನನ್ನನ್ನು ನೋಡುತ್ತಿಲ್ಲ ಎಂದು ಗೊತ್ತಿತ್ತು. ಅವಳು ಆ ಮೇಜಿನ ಸುತ್ತ ಕೂತಿದ್ದ ಒಬ್ಬೊಬ್ಬರ ಮುಖವನ್ನೂ ಸರದಿಯ ಮೇಲೆ ನೋಡುತ್ತಿದ್ದಳು. ನಾನು ಸಿಟ್ಟಾಗಲಿ, ಅಳಲಿ, ಕಾಗದ ಹರಿದು ಬಿಸಾಡಲಿ ಎಂದು ನನ್ನೊಳಗಿನ ಯಾರೋ ಕಾಯುತ್ತಿದ್ದರು. ದನಿ ಕೂಡ ನಡುಗಲಿಲ್ಲ. ಈ ನೆಲದಲ್ಲಿ ಅವರಿಗೆ ಎಂಬಲ್ಲಿಗೆ ಬಂದಿದ್ದೆ, ಟೈಮರ್ ಕೂಗಿತು.

“ಥ್ಯಾಂಕ್ ಯೂ ಸೂ, ಸಾಕು,” ಎಂದ ಕೀತ್.

ನಾನು ವಾಕ್ಯದ ಮಧ್ಯೆಯೇ ಕುಳಿತೆ. ಯೂನಿಸ್ ಕೋಟಿನ ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಹಾಕಿಕೊಂಡು, ಕುರ್ಚಿಯನ್ನು ಸಾಲಿಗೆ ಸರಿಯಾಗಿ ಜೋಡಿಸಿ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದಳು. ಎರಡನೆಯ ಐಟಂ ಹೈ ಸ್ಟ್ರೀಟಿನ ತೂಗು ಹೂಕುಂಡಗಳದು. ಒಪ್ಪಿಗೆಯಿದ್ದವರು ಕೈ ಎತ್ತಿ ಎಂದ ಕೀತ್. ಎತ್ತಿದೆ.